ಮೊದಲಿನಂತೆ ಮಾಡಿಸಲೋ, ಮಾರ್ಪಡಿಸಲೋ? ಹಳೆಯ ವೇಗದ ಗಾಡಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಗಾಡಿಗಳು ಬೇರೆ ಬೇರೆ, ಗೊಂದಲ ಮಾತ್ರ ಒಂದೇ: ಕಂಪನಿಯಿಂದ ಬಂದಾಗ ಇದ್ದ ಹಾಗೆ ಮಾಡಿಸುವುದೋ, ಇನ್ನಷ್ಟು ಓಡುವ ಹಾಗೆ ಬದಲಾಯಿಸುವುದೋ. ಹೆಚ್ಚು ಜನರಿಗೆ ಉಪಯೋಗಕ್ಕೆ ಬರುವಂಥ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರು 2001ರಲ್ಲಿ ಕೊಂಡ ಹೊಂಡಾ ಸಿಟಿ 1.5 ವಿಟೆಕ್ ಮನೆಯಲ್ಲಿದೆ. 1,62,000 ಕಿ.ಮೀ. ಓಡಿದೆ. ನಾಲ್ಕು ವರ್ಷ ಶೆಡ್ಡಿನಲ್ಲೇ ನಿಂತಿದ್ದ ಕಾರು ಹೊಸ ಬ್ಯಾಟರಿ ಹಾಕಿದ ಮೇಲೆ ಸ್ಟಾರ್ಟ್ ಆಗಿದೆ. ಆದರೆ ಸ್ವಲ್ಪ ನೀಲಿ ಹೊಗೆ ಬರುತ್ತದೆ, ಮೊದಲಿದ್ದ ಎಳೆತ ಇಲ್ಲ, ಬಿಸಿಲಲ್ಲಿ ನಿಲ್ಲಿಸಿ ಬಂದರೆ ಕೆಲವೊಮ್ಮೆ ಸ್ಟಾರ್ಟೇ ಆಗುವುದಿಲ್ಲ. ಗ್ಯಾರೇಜಿನವರು 'ಹೇಗೂ ಎಂಜಿನ್ ಬಿಚ್ಚಬೇಕು, ಹಾಗೇ ಹೆಡ್ ಪೋರ್ಟಿಂಗ್ (ಗಾಳಿ, ಹೊಗೆ ಹಾಯುವ ದಾರಿ ಕೊರೆದು ಅಗಲ ಮಾಡುವುದು) ಮಾಡಿ ಹೆಡರ್ಸ್ (ಹೊಗೆ ಸಲೀಸಾಗಿ ಹೊರಹೋಗುವ ಕೊಳವೆಗಳು), ಕೋನ್ ಫಿಲ್ಟರ್ (ತೆರೆದ ಏರ್ ಫಿಲ್ಟರ್) ಹಾಕಿಬಿಡೋಣ' ಎನ್ನುತ್ತಾರೆ. ತಮ್ಮನಿಗೆ ಅಪ್ಪನ ಕಾರು ಇದ್ದ ಹಾಗೇ ಇರಬೇಕು. ಏನು ಮಾಡಲಿ? (ಹಾಸನ)

ಉತ್ತರ: ಎಂಜಿನ್ ಬಿಚ್ಚಲೇಬೇಕು ಎಂಬುದಕ್ಕೆ ಇನ್ನೂ ಯಾವ ಆಧಾರವೂ ಸಿಕ್ಕಿಲ್ಲ. ಅದನ್ನು ಮುಟ್ಟುವ ಮೊದಲು ಕಾರನ್ನು ಲಿಫ್ಟಿಗೆ ಏರಿಸಿ ಬಾಡಿ ನೋಡಿಸಿ. ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಆ ಸಿಟಿಯ ಬಾಡಿ ಶೆಲ್ ಹೊಸದಾಗಿ ಸಿಗುವುದಿಲ್ಲ. ಹಿಂದಿನ ಚಕ್ರದ ಮಡ್‌ಗಾರ್ಡ್ ಒಳಮಡಿಕೆ, ಬಾಗಿಲ ಕೆಳಗಿನ ಪಟ್ಟಿಯಲ್ಲಿ ಜಾಕಿ ಕೂರಿಸುವ ಜಾಗ, ಡಿಕ್ಕಿಯ ಸ್ಟೆಪ್ನಿ ಗುಂಡಿ, ಬ್ಯಾಟರಿ ತಟ್ಟೆಯ ಅಡಿ, ಕಾರ್ಪೆಟ್ ಕೆಳಗಿನ ನೆಲ, ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಗೋಪುರ, ಇಷ್ಟನ್ನು ಟಾರ್ಚ್ ಹಿಡಿದು ನೋಡಬೇಕು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ತಗಡು ಟಣ್ ಎನ್ನಬೇಕು. ಮಂದ ಸದ್ದು ಬಂದರೆ, ಅಥವಾ ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ ಅಂಟದಿದ್ದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ ಎಂದರ್ಥ. ಮಡ್‌ಗಾರ್ಡ್ ಅಂಚಿನ ತುಕ್ಕನ್ನು ಕತ್ತರಿಸಿ ಹೊಸ ತಗಡು ಬೆಸೆಯಬಹುದು. ಶಾಕ್ ಗೋಪುರವೋ ಹಿಂದಿನ ಆಕ್ಸಲ್ ಬೋಲ್ಟ್ ಕೂರುವ ಜಾಗವೋ ತೂತಾಗಿದ್ದರೆ ಬೇರೆ ಎಲ್ಲ ಖರ್ಚನ್ನೂ ನಿಲ್ಲಿಸಿ ಮೊದಲು ಅದನ್ನೇ ಮಾಡಿಸಬೇಕು.

ಬಾಡಿ ಗಟ್ಟಿ ಇದೆ ಎಂದುಕೊಂಡು ಮುಂದಿನ ಮಾತು ಹೇಳುತ್ತೇವೆ. ಟೈಮಿಂಗ್ ಬೆಲ್ಟ್ (ವಾಲ್ವ್ ಮತ್ತು ಪಿಸ್ಟನ್ ಚಲನೆ ಹೊಂದಿಸುವ ರಬ್ಬರ್ ಪಟ್ಟಿ) ಬದಲಾಯಿಸುವವರೆಗೆ ಕಾರನ್ನು ಓಡಿಸಬೇಡಿ. ಹೊಂಡಾದ ಈ ಡಿ-ಸರಣಿ ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಕಿಲೋಮೀಟರ್ ಕಡಿಮೆ ಇದ್ದರೂ ವರ್ಷಗಟ್ಟಲೆ ಒಂದೇ ಬಾಗುವಿಕೆಯಲ್ಲಿ ನಿಂತ ರಬ್ಬರನ್ನು ನಂಬುವಂತಿಲ್ಲ. ಬೆಲ್ಟ್ ಜೊತೆಗೆ ಟೆನ್ಷನರ್, ಅದೇ ಬೆಲ್ಟ್ ತಿರುಗಿಸುವ ವಾಟರ್ ಪಂಪ್, ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್ ಎಲ್ಲವನ್ನೂ ಒಟ್ಟಿಗೇ ಹಾಕಿಸಿ, ಏಕೆಂದರೆ ಬಿಚ್ಚುವ ಕೂಲಿ ಒಂದೇ. ಈ ಎಂಜಿನ್ ಪುಲ್ಲಿ ಕಡೆಯಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುತ್ತದೆ. ಬೇರೆ ಕಂಪನಿಯ ಕಾರುಗಳ ಅಭ್ಯಾಸವಿರುವ ಮೆಕ್ಯಾನಿಕ್ ಗಡಿಯಾರದ ದಿಕ್ಕಿಗೆ ತಿರುಗಿಸಿ ಬೆಲ್ಟ್ ಬಿಗಿ ಮಾಡಿದರೆ ಹಲ್ಲು ತಪ್ಪುವುದುಂಟು. ಇದನ್ನು ಮೊದಲೇ ಹೇಳಿಬಿಡಿ. ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿ, ಫ್ಯುಯೆಲ್ ಫಿಲ್ಟರ್, ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಎಲ್ಲ ಹೊಸದು ಹಾಕಿಸಿ.

ಈಗ ನೀಲಿ ಹೊಗೆ. ಆಕ್ಸಲರೇಟರ್ ಬಿಟ್ಟು ಇಳಿಜಾರು ಇಳಿದು ಮತ್ತೆ ಒತ್ತಿದಾಗ ಹೊಗೆ ಬಂದರೆ ವಾಲ್ವ್ ಸೀಲ್ ಗಟ್ಟಿಯಾಗಿರುತ್ತದೆ. ಲೋಡ್ ಮೇಲೆ ಎಳೆಯುವಾಗ ಒಂದೇ ಸಮ ಬಂದರೆ ರಿಂಗ್. ಊಹೆ ಬೇಡ, ಕಂಪ್ರೆಷನ್ ಅಳೆಸಿ. ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಇಂಧನ ಮತ್ತು ಕರೆಂಟ್ ಕಡಿತ ಮಾಡಿ ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಈ ಕುಟುಂಬದ ಎಂಜಿನ್‌ಗಳಲ್ಲಿ ಆರೋಗ್ಯವಾದ ಸಿಲಿಂಡರ್ ಸುಮಾರು 178 ಪಿಎಸ್‌ಐ ತೋರಿಸುತ್ತದೆ. 135ಕ್ಕಿಂತ ಕೆಳಗಿಳಿದರೆ, ಅಥವಾ ಸಿಲಿಂಡರುಗಳ ನಡುವೆ 28 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಾತ್ರ ಬಿಚ್ಚುವ ಮಾತು. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ನಿಂತ ಕಾರಿನಲ್ಲಿ ಆಯಿಲ್ ರಿಂಗ್ ಇಂಗಾಲ ಹಿಡಿದು ಸಿಕ್ಕಿಕೊಂಡಿರುವುದು ಬಹಳ ಸಾಮಾನ್ಯ. ಹೊಸ ಆಯಿಲ್ ಹಾಕಿ 1,000 ಕಿ.ಮೀ. ಓಡಿಸಿ, ಆ ಆಯಿಲನ್ನೂ ಬದಲಾಯಿಸಿದ ಮೇಲೆ ಮತ್ತೊಮ್ಮೆ ಅಳೆಸಿ ತೀರ್ಮಾನಿಸಿ.

ಎಳೆತ ಕಡಿಮೆಯಾಗಿರುವುದಕ್ಕೆ ಪೋರ್ಟಿಂಗ್ ಮದ್ದಲ್ಲ. ನಿಮ್ಮ ಕಾರಿನ 106 ಪಿಎಸ್ ಶಕ್ತಿ ಸಿಗುವುದು ಎಂಜಿನ್ ಮೇಲಿನ ಆರ್‌ಪಿಎಂ ಮುಟ್ಟಿದಾಗ. ಕೆಳಗೆ ಸೌಮ್ಯವಾದ ಕ್ಯಾಮ್ ಮೇಲೆ ನಡೆಯುವ ಇನ್‌ಟೇಕ್ ವಾಲ್ವ್‌ಗಳು, ವೇಗ ಏರಿದಾಗ ಆಯಿಲ್ ಒತ್ತಡದಿಂದ ಒಂದು ಪಿನ್ ಸರಿದು ರಾಕರ್ ಆರ್ಮ್‌ಗಳು ಒಂದಾದ ಮೇಲೆ ಎತ್ತರದ ಕ್ಯಾಮ್ ಹಿಡಿಯುತ್ತವೆ; ವಿಟೆಕ್ ಎಂದರೆ ಇದೇ. ಆಯಿಲ್ ಮಟ್ಟ ಕಡಿಮೆಯಿದ್ದರೆ ಅಥವಾ ವಿಟೆಕ್ ಸೊಲೆನಾಯ್ಡ್ ಅಡಿಯ ಸಣ್ಣ ಜಾಲರಿ ಕಟ್ಟಿದ್ದರೆ ಆ ಪಿನ್ ಸರಿಯುವುದೇ ಇಲ್ಲ. ಕಾರು ಅರ್ಧ ಎಂಜಿನ್‌ನಲ್ಲೇ ಓಡುತ್ತದೆ. ಸೊಲೆನಾಯ್ಡ್ ಬಿಚ್ಚಿ ಜಾಲರಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿಸಿ. ಅದು ಅರ್ಧ ಗಂಟೆಯ ಕೆಲಸ. ಆಮೇಲೆ ಟ್ಯಾಪೆಟ್, ಎಂದರೆ ವಾಲ್ವ್ ಮತ್ತು ರಾಕರ್ ನಡುವಿನ ಸಂದು: ಎಂಜಿನ್ ಪೂರ್ತಿ ತಣ್ಣಗಿರುವಾಗ ಇನ್‌ಟೇಕ್ 0.18ರಿಂದ 0.22 ಮಿ.ಮೀ., ಎಕ್ಸಾಸ್ಟ್ 0.23ರಿಂದ 0.27 ಮಿ.ಮೀ. ಇದು ಡಿ-ಸರಣಿಯ ಸಾಮಾನ್ಯ ಅಳತೆ. ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಇದ್ದರೆ ಅದನ್ನೇ ಅನುಸರಿಸಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಪುಡಿಯಾಗಿ ದಾರಿ ಕಟ್ಟಿದೆಯೇ ಎಂದೂ ನೋಡಿಸಿ. ಆಕ್ಸಿಜನ್ ಸೆನ್ಸರ್ ತೆಗೆದ ತೂತಿಗೆ ಗೇಜ್ ಕೂರಿಸಿದರೆ ಹಿಂದೊತ್ತಡ ತಿಳಿಯುತ್ತದೆ.

ಬಿಸಿಲಲ್ಲಿ ಸ್ಟಾರ್ಟ್ ಆಗದಿರುವುದು ಆ ಕಾಲದ ಹೊಂಡಾಗಳ ಹಳೆಯ ಕಾಯಿಲೆ. ಡ್ಯಾಶ್‌ಬೋರ್ಡ್ ಒಳಗಿನ ಮೇನ್ ರಿಲೇಯ ಬೆಸುಗೆ ಬಿರುಕು ಬಿಟ್ಟು, ಕಾವೇರಿದಾಗ ಫ್ಯುಯೆಲ್ ಪಂಪಿಗೆ ಕರೆಂಟ್ ಹೋಗುವುದಿಲ್ಲ. ಇಗ್ನಿಷನ್ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಕೇಳದಿದ್ದರೆ ಇದೇ ಕಾರಣವೆಂದು ಮೊದಲು ಶಂಕಿಸಿ. ರಿಲೇ ಬಿಚ್ಚಿ ಹೊಸದಾಗಿ ಬೆಸುಗೆ ಹಾಕಿದರೆ ಸಾಕು.

ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಸದ್ದು ಹೆಚ್ಚುತ್ತದೆ, ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಶಕ್ತಿ ಇಳಿಯುವುದೂ ಉಂಟು. ಅದನ್ನು ಬಂಪರ್ ಕೆಳಗೆ ಇಳಿಸಿದರೆ ಮಳೆಗಾಲದಲ್ಲಿ ನೀರು ಒಳಗೆ ಹೋಗಿ ಕನೆಕ್ಟಿಂಗ್ ರಾಡ್ ಬಾಗಬಹುದು. ಪೋರ್ಟ್ ಕೊರೆದ ಹೆಡ್ ಮತ್ತೆ ಮೊದಲಿನಂತಾಗುವುದಿಲ್ಲ, ಇಂಧನದ ಮ್ಯಾಪ್ (ಎಷ್ಟು ಪೆಟ್ರೋಲ್ ಬಿಡಬೇಕೆಂಬ ಲೆಕ್ಕ) ಬದಲಾಯಿಸದೆ ಅದರ ಲಾಭವೂ ಸಿಗುವುದಿಲ್ಲ. ಹೆಡರ್ಸ್ ಹಾಕುವಾಗ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಬಿಟ್ಟರೆ ಹೊಗೆ ತಪಾಸಣೆಗೂ ಕಾನೂನಿಗೂ ತಪ್ಪು.

ಹಾಗಾಗಿ ನಿಮ್ಮ ತಮ್ಮನ ಮಾತೇ ಸರಿ. ಮೇಲಿನದೆಲ್ಲ ಮುಗಿದ ಮೇಲೆ ಎಂಜಿನ್ ಮೌಂಟ್, ಲೋವರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್, ಟೈರ್ ಹೊಸದು ಹಾಕಿಸಿ 5,000 ಕಿ.ಮೀ. ಓಡಿಸಿ. 2003ರಲ್ಲಿ ಬಂದ ಮುಂದಿನ ಸಿಟಿಯಲ್ಲಿ ಇದ್ದದ್ದು 77 ಪಿಎಸ್ ಎಂಜಿನ್; ಅದಕ್ಕೇ ನಿಮ್ಮ ಮಾದರಿಯನ್ನು ಜನ ಇನ್ನೂ ಹುಡುಕುತ್ತಾರೆ. ಕಂಪನಿ ಕೊಟ್ಟ ಶಕ್ತಿ ಪೂರ್ತಿ ಮರಳಿ ಬಂದರೆ ಅದಕ್ಕಿಂತ ಹೆಚ್ಚು ಬೇಕೆನಿಸುವುದು ಅಪರೂಪ. ಆಗಲೂ ಏನಾದರೂ ಬದಲಾಯಿಸಲೇಬೇಕೆಂದರೆ ಒಳ್ಳೆಯ ಬ್ರೇಕ್ ಪ್ಯಾಡ್‌ನಿಂದ ಶುರು ಮಾಡಿ, ಬೋಲ್ಟ್ ಬಿಚ್ಚಿದರೆ ಮೊದಲಿನಂತಾಗುವ ಕೆಲಸವನ್ನು ಮಾತ್ರ ಮಾಡಿಸಿ.

ಪ್ರಶ್ನೆ: ಕಾಂಟೆಸ್ಸಾ ಕ್ಲಾಸಿಕ್ 1.8 ಕೊಂಡಿದ್ದೇನೆ. ಬಾಡಿ ಪರವಾಗಿಲ್ಲ, ಎಂಜಿನ್ ಸುಸ್ತಾಗಿದೆ, ಘಾಟಿ ಹತ್ತುವಾಗ ಬಿಸಿಯಾಗುತ್ತದೆ. ಗುಜರಿಯಲ್ಲಿ ಸಿಗುವ ಜಪಾನಿನ ದೊಡ್ಡ ಆರು ಸಿಲಿಂಡರ್ ಎಂಜಿನ್ ಕೂರಿಸಿದರೆ ಹೇಗೆ? (ತುಮಕೂರು)

ಉತ್ತರ: ಬೇಡ. ಮೊದಲು ಕಾನೂನು ನೋಡಿ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ತಯಾರಕರು ಮೂಲತಃ ನಮೂದಿಸಿದ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182ಎ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿಯೊಂದು ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡನ್ನೂ ಹೇಳುತ್ತದೆ. ದಂಡಕ್ಕಿಂತ ಹೆದರಬೇಕಾದ್ದು ವಿಮೆಗೆ. ಅಪಘಾತವಾಗಿ ಇನ್ನೊಬ್ಬರಿಗೆ ಪೆಟ್ಟಾದರೆ, ಆರ್‌ಸಿಯಲ್ಲಿಲ್ಲದ ಎಂಜಿನ್ ಕಂಡ ಕೂಡಲೇ ವಿಮಾ ಕಂಪನಿ ತಕರಾರು ಎತ್ತುತ್ತದೆ. ಸುಸ್ತಾದ ಎಂಜಿನ್ ಬದಲಿಗೆ ಅದಕ್ಕೆ ಕಂಪನಿಯಿಂದಲೇ ಬಂದಂಥ ಇಸುಜು ಎಂಜಿನ್ ಇನ್ನೊಂದನ್ನು ಹಾಕಿಸುವುದಾದರೂ ಬಿಲ್ ಇಟ್ಟುಕೊಂಡು ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು.

ಕಾನೂನು ಬಿಟ್ಟು ಲೋಹದ ಲೆಕ್ಕಕ್ಕೆ ಬಂದರೂ ಅಷ್ಟೇ. ನಿಲ್ಲಿಸಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ: 80ರ ಬದಲು 120ರಲ್ಲಿ ಬ್ರೇಕ್ ಹಾಕಿದರೆ ಎರಡೂಕಾಲು ಪಟ್ಟು ಕಾವು ಡಿಸ್ಕ್ ಮೇಲೆ ಬೀಳುತ್ತದೆ. ದೊಡ್ಡ ಎಂಜಿನ್ ಬಂದರೆ ಗೇರ್‌ಬಾಕ್ಸ್, ಪ್ರೊಪೆಲರ್ ಶಾಫ್ಟ್, ಡಿಫರೆನ್ಷಿಯಲ್, ರೇಡಿಯೇಟರ್, ಮುಂದಿನ ಸ್ಪ್ರಿಂಗ್, ಬ್ರೇಕ್ ಎಲ್ಲವೂ ಬದಲಾಗಬೇಕು. ಇವುಗಳಲ್ಲಿ ಒಂದನ್ನು ಬಿಟ್ಟರೂ ಮುರಿಯುವುದು ಅದೇ. ಕೊನೆಗೆ ಕಾಂಟೆಸ್ಸಾ ಎಂದು ಉಳಿಯುವುದು ಹೊರಗಿನ ತಗಡು ಮಾತ್ರ. 1984ರಿಂದ 2002ರವರೆಗಷ್ಟೇ ತಯಾರಾದ ಕಾರು ಅದು, ಒಂದೊಂದೇ ಹೀಗೆ ಕಳೆದುಹೋಗುತ್ತಿರುವುದು ನಮಗೆ ನೋವಿನ ವಿಷಯ.

ಬಿಸಿಯಾಗುವುದನ್ನು ಸರಿಪಡಿಸಿದರೆ ಅರ್ಧ ಸುಸ್ತು ಹೋಗುತ್ತದೆ. ರೇಡಿಯೇಟರ್ ಟ್ಯಾಂಕ್ ಬಿಚ್ಚಿಸಿ ಕೊಳವೆಗಳಿಗೆ ಸರಳು ಹಾಕಿ ಶುಚಿ ಮಾಡಿಸಿ. ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರ್ ಆದರೆ ಇದು ಸಾಧ್ಯ, ಕೋರ್ ಹೊಸದು ಕಟ್ಟಿಸಲೂಬಹುದು. 'ಬಿಸಿಯಾಗುತ್ತೆ' ಎಂದು ಯಾರೋ ಥರ್ಮೋಸ್ಟಾಟ್ ಕಿತ್ತಿದ್ದರೆ ಮರಳಿ ಹಾಕಿಸಿ. ಅದಿಲ್ಲದಿದ್ದರೆ ಎಂಜಿನ್ ತನ್ನ ಸರಿಯಾದ ಶಾಖಕ್ಕೆ ಬರುವುದೇ ಇಲ್ಲ, ಬೋರ್ ಬೇಗ ಸವೆಯುತ್ತದೆ. ಬೋರ್‌ವೆಲ್ ನೀರು ಬೇಡ, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಪಾಲು. ಆಮೇಲೆ ಕಾರ್ಬೊರೇಟರ್. ಥ್ರಾಟಲ್ ಶಾಫ್ಟ್ ಸವೆದು ಪಕ್ಕದಿಂದ ಗಾಳಿ ಎಳೆಯುವುದು ಈ ವಯಸ್ಸಿನಲ್ಲಿ ಮಾಮೂಲು. ಐಡಲ್‌ನಲ್ಲಿ ಶಾಫ್ಟ್ ತುದಿಗೆ ಕಾರ್ಬ್ ಕ್ಲೀನರ್ ಸ್ವಲ್ಪವೇ ಸಿಂಪಡಿಸಿ. ಆರ್‌ಪಿಎಂ ಬದಲಾದರೆ ಸೋರಿಕೆ ಖಚಿತ, ಲೇತ್‌ನಲ್ಲಿ ಹೊಸ ಬುಷ್ ಹಾಕಿಸಬೇಕು. ಇದನ್ನು ಮಾಡುವಾಗ ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಡಿಸ್ಟ್ರಿಬ್ಯೂಟರ್ ಒಳಗಿನ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಅಂಟಿದ್ದರೆ ಟೈಮಿಂಗ್ ಮುಂದೆ ಹೋಗುವುದಿಲ್ಲ; ಘಾಟಿಯಲ್ಲಿ ಎಳೆತ ಇಲ್ಲದಿರುವುದಕ್ಕೂ ಬಿಸಿಯಾಗುವುದಕ್ಕೂ ಅದೊಂದೇ ಕಾರಣ ಸಾಕು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ ಮೊದಲು ವಿಚಾರಿಸಿ, ಕಿತ್ತ ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇನೆ. 1991ರ ಮಾಜ್ದಾ ಮಿಯಾಟಾ ಸಿಕ್ಕಿದೆ, 1.6 ಎಂಜಿನ್. ಟರ್ಬೊ ಹಾಕಿಸುವ ಆಸೆ. ಮೂಲರೂಪದಲ್ಲೇ ಇಟ್ಟುಕೊಂಡರೆ ಬೆಲೆ ಬರುತ್ತದೆ ಎಂದು ಗೆಳೆಯರು ಹೇಳುತ್ತಾರೆ. (ಸ್ಯಾನ್ ಹೊಸೆ)

ಉತ್ತರ: ಬಣ್ಣ ಯಾವುದೆಂದು ನೀವು ಬರೆದಿಲ್ಲ. ಕಡು ಹಸಿರು ಬಣ್ಣ, ಕಂದು ಚರ್ಮದ ಸೀಟು, ಮರದ ಗೇರ್ ಗುಂಡು ಇದ್ದರೆ ಅದು 1991ರ ವಿಶೇಷ ಆವೃತ್ತಿ. ಅಮೆರಿಕಕ್ಕೆ ಬಂದದ್ದು 4,000 ಮಾತ್ರ. ಅದನ್ನು ಕತ್ತರಿಸಬೇಡಿ. ಕೆಂಪು, ಬಿಳಿ, ನೀಲಿಯ ಸಾಮಾನ್ಯ ಕಾರಾದರೆ, ಮತ್ತು ಈಗಾಗಲೇ ಯಾರೋ ಒಂದಷ್ಟು ಬದಲಾಯಿಸಿದ್ದರೆ, ಮಾರ್ಪಾಡು ತಪ್ಪೇನಲ್ಲ.

ಆದರೆ ಟರ್ಬೊಗೆ ಮುಂಚೆ ಕ್ರ್ಯಾಂಕ್ ಪುಲ್ಲಿಯ ಮಧ್ಯ ಭಾಗ ನೋಡಿ. ಅಲ್ಲಿ ನಾಲ್ಕು ಸೀಳುಗಳಿದ್ದರೆ ನಿಮ್ಮದು ಗಿಡ್ಡ ಮೂಗಿನ (ಪುಲ್ಲಿ ಕೂರುವ ತುದಿ ಗಿಡ್ಡವಾದ) ಕ್ರ್ಯಾಂಕ್, ಎಂಟಿದ್ದರೆ ಉದ್ದ ಮೂಗಿನದು. 1991ರ ನಡುವೆ ಮಾಜ್ದಾ ಇದನ್ನು ಬದಲಾಯಿಸಿದ್ದರಿಂದ ನಿಮ್ಮ ವರ್ಷದಲ್ಲಿ ಎರಡೂ ಸಿಗುತ್ತವೆ. ಗಿಡ್ಡ ಮೂಗಿನಲ್ಲಿ ಬೋಲ್ಟ್ ಸ್ವಲ್ಪ ಸಡಿಲವಾದರೂ ಕೀ ಕೂರುವ ತೋಡು ಅಗಲವಾಗಿ ಪುಲ್ಲಿ ಓಲಾಡುತ್ತದೆ, ಟೈಮಿಂಗ್ ಜಾರುತ್ತದೆ. ಎಂಜಿನ್ ಐಡಲ್‌ನಲ್ಲಿ ಇರುವಾಗ ಪುಲ್ಲಿ ಅಲುಗಾಡುತ್ತಿದ್ದರೆ ಆ ಎಂಜಿನ್ ಮೇಲೆ ಟರ್ಬೊಗೆ ಒಂದು ಡಾಲರನ್ನೂ ಹಾಕಬೇಡಿ.

ಎರಡನೆಯದು ಹಿಂದಿನ ಡಿಫರೆನ್ಷಿಯಲ್. 1.6 ಕಾರುಗಳದು 6 ಇಂಚಿನದು, ಟರ್ಬೊ ಟಾರ್ಕ್‌ಗೆ ಹಲ್ಲು ಮುರಿಯುತ್ತದೆ. 1994ರ ನಂತರದ 1.8 ಕಾರಿನ 7 ಇಂಚಿನದನ್ನು ಆಕ್ಸಲ್ ಶಾಫ್ಟ್ ಸಮೇತ ತಂದು ಹಾಕುವುದು ವಾಡಿಕೆ. ದೊಡ್ಡ ಇಂಜೆಕ್ಟರ್, ಹೊಸ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಬಲವಾದ ಕ್ಲಚ್, ದಪ್ಪ ಅಲ್ಯೂಮಿನಿಯಂ ರೇಡಿಯೇಟರ್ ಇದರ ಜೊತೆಗೇ ಬರುತ್ತವೆ. ನಿಮ್ಮ ರಾಜ್ಯದಲ್ಲಿ 1976 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ತಪಾಸಣೆ ಇದೆ. ಅಲ್ಲಿ ಹೊಗೆ ಅಳೆಯುವುದಷ್ಟೇ ಅಲ್ಲ, ಬಾನೆಟ್ ತೆಗೆದು ಭಾಗಗಳನ್ನೂ ನೋಡುತ್ತಾರೆ. ರಾಜ್ಯದ ವಾಯು ಮಂಡಳಿಯ ಇಒ (ಅನುಮೋದನೆ) ಸಂಖ್ಯೆ ಇಲ್ಲದ ಟರ್ಬೊ ಕಿಟ್ ಹೊಗೆ ಶುದ್ಧವಾಗಿದ್ದರೂ ಫೇಲ್. ಕಿಟ್ ಕೊಳ್ಳುವ ಮುಂಚೆ ಆ ಸಂಖ್ಯೆ ನಿಮ್ಮ ವರ್ಷಕ್ಕೂ ನಿಮ್ಮ ಎಂಜಿನ್‌ಗೂ ಅನ್ವಯಿಸುತ್ತದೆಯೇ ನೋಡಿ.

ನಮ್ಮ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ಶಕ್ತಿಯ ಗೊಡವೆಗೇ ಹೋಗಬೇಡಿ. 116 ಅಶ್ವಶಕ್ತಿಯ ಆ ಎಂಜಿನ್ ಹಗುರವಾದ ಕಾರಿನಲ್ಲಿದೆ. ಒಣಗಿದ ಬುಷ್‌ಗಳು, ಸತ್ತ ಶಾಕ್‌ಗಳು, ಗಟ್ಟಿಯಾದ ಟೈರ್ ಬದಲಾಯಿಸಿ, ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿದರೆ ಆ ಕಾರಿನ ನಿಜವಾದ ಸುಖ ಗೊತ್ತಾಗುತ್ತದೆ. ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ. ಹೆಡ್ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರ್ ಓ-ರಿಂಗ್ ಸೋರಿ ಕೆಳಗಿನ ಹೀಟರ್ ಹೋಸ್ ಹಾಳಾಗುತ್ತದೆ, ಕ್ಲಚ್ ಸ್ಲೇವ್ ಸಿಲಿಂಡರ್ ಸೋರುತ್ತದೆ, ರೇಡಿಯೇಟರ್ ಪ್ಲಾಸ್ಟಿಕ್ ಟ್ಯಾಂಕ್ ಕಪ್ಪಿನಿಂದ ಕಂದಾಗಿದ್ದರೆ ಬಿರಿಯುವ ಕಾಲ ಬಂದಿದೆ. ಸೀಟಿನ ಹಿಂದೆ ಬಟ್ಟೆ ಮಾಡಿನ ನೀರಿಳಿಯುವ ಕೊಳವೆಗಳನ್ನು ತಂತಿಯಿಂದ ಚುಚ್ಚದೆ ಮೆದು ಪ್ಲಾಸ್ಟಿಕ್ ದಾರದಿಂದ ಬಿಡಿಸಿ. ಅವು ಕಟ್ಟಿದರೆ ನೀರು ಹಿಂಚಕ್ರದ ಮುಂದಿನ ಸಿಲ್‌ಗಳಲ್ಲಿ ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬುವಷ್ಟರಲ್ಲಿ ಒಳಗೆ ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ನನ್ನ ಎಸ್ಟೀಮ್‌ಗೆ 175/70 ಆರ್13 ಟೈರ್ ಇದೆ. 15 ಇಂಚಿನ ಅಲಾಯ್ ಹಾಕಿಸಿ, ಸ್ಪ್ರಿಂಗ್ ಒಂದೂವರೆ ಸುತ್ತು ಕತ್ತರಿಸಿ ಇಳಿಸಬಹುದೇ? (ಮಂಗಳೂರು)

ಉತ್ತರ: ನಿಮ್ಮ ಈಗಿನ ಟೈರಿನ ಒಟ್ಟು ವ್ಯಾಸ 575 ಮಿ.ಮೀ. 14 ಇಂಚಿಗೆ 185/60 ಹಾಕಿದರೆ 578, 15 ಇಂಚಿಗೆ 195/50 ಹಾಕಿದರೆ 576. ಲೆಕ್ಕಕ್ಕೆ ಎರಡೂ ಹೊಂದುತ್ತವೆ, ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಆದರೆ 195/50ರ ಪಕ್ಕದ ಗೋಡೆ 98 ಮಿ.ಮೀ. ಮಾತ್ರ, ಮಳೆ ಬಿದ್ದ ಮೇಲಿನ ಕರಾವಳಿಯ ಹೊಂಡಗಳಿಗೆ ರಿಮ್ ಬಾಗುತ್ತದೆ. 14 ಇಂಚು ಸಾಕು. ರಿಮ್ ಕೊಳ್ಳುವಾಗ ಬೋಲ್ಟ್ ವೃತ್ತದ ಅಳತೆ, ಆಫ್‌ಸೆಟ್, ನಡುವಿನ ತೂತು ಮೂರೂ ಹೊಂದಬೇಕು. ಹೊಂದದ್ದಕ್ಕೆ ಸ್ಪೇಸರ್ ಹಾಕಿ ಸರಿಮಾಡುವುದು ಬೇರಿಂಗ್ ಮೇಲೆ ಭಾರ ಹಾಕಿದಂತೆ.

ಸ್ಪ್ರಿಂಗ್ ಕತ್ತರಿಸಬೇಡಿ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ, ಹಳೆಯ ಶಾಕ್ ಅದನ್ನು ಹಿಡಿಯಲಾರದು. ಚಕ್ರ ಪೂರ್ತಿ ಕೆಳಗಿಳಿದಾಗ ಗಿಡ್ಡ ಸ್ಪ್ರಿಂಗ್ ತನ್ನ ತಟ್ಟೆಯಿಂದ ಸರಿದುಹೋಗಲೂಬಹುದು. ನಿಮ್ಮ ಊರಿನ ಉಪ್ಪು ಗಾಳಿಗೆ ಆ ದುಡ್ಡನ್ನು ಕಾರಿನ ಅಡಿಭಾಗ ತೊಳೆಸಿ, ಪೊಳ್ಳು ಭಾಗಗಳೊಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸುವುದಕ್ಕೆ ಹಾಕಿ. ದಪ್ಪ ಡಾಂಬರಿನಂಥ ಲೇಪನವನ್ನು ಹಳೆಯ ತುಕ್ಕಿನ ಮೇಲೇ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ರಾಜ್‌ದೂತ್ ಆರ್‌ಡಿ 350 ಇದೆ, ಹೈ ಟಾರ್ಕ್. ಪೋರ್ಟ್ ಕೊರೆಸಿ ಎಕ್ಸ್‌ಪಾನ್ಷನ್ ಚೇಂಬರ್ ಹಾಕಿಸುವ ಯೋಚನೆ. ಕಾರಲ್ಲದಿದ್ದರೂ ಉತ್ತರಿಸುವಿರಾ? (ಬೆಳಗಾವಿ)

ಉತ್ತರ: ಖಂಡಿತ. ಹೈ ಟಾರ್ಕ್ 30.5 ಬಿಎಚ್‌ಪಿಯದು. ಅದರ ಸಿಲಿಂಡರ್ ಬ್ಲಾಕ್ ಇಂದು ಗಾಡಿಯಲ್ಲೇ ಅತಿ ಬೆಲೆಯ ಭಾಗ, ಅದರ ಪೋರ್ಟ್ ಕೊರೆಸಬೇಡಿ. ಆ ಗಾಡಿಗೆ ಕೊರತೆ ಇದ್ದದ್ದು ಓಟಕ್ಕಲ್ಲ, ನಿಲ್ಲಿಸುವುದಕ್ಕೆ: ಜಪಾನಿನ ಮೂಲ ಯಮಹಾ ಆರ್‌ಡಿಗೆ ಮುಂದೆ ಡಿಸ್ಕ್ ಇತ್ತು, ನಮ್ಮದಕ್ಕೆ ಎರಡೂ ಕಡೆ ಡ್ರಮ್. ಡ್ರಮ್ಮನ್ನು ಲೇತ್‌ನಲ್ಲಿ ಸಮ ಮಾಡಿಸಿ, ಅದರ ವ್ಯಾಸಕ್ಕೆ ಸರಿಯಾಗಿ ಲೈನರ್ ಉಜ್ಜಿಸಿ ಕೂರಿಸಿದರೆ ಬಹಳ ಸುಧಾರಿಸುತ್ತದೆ.

ಟೂ-ಸ್ಟ್ರೋಕ್ ಗಾಡಿಯಲ್ಲಿ ಮೊದಲು ಕ್ರ್ಯಾಂಕ್ ಸೀಲ್ ನೋಡಿ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದು ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊಗೆಯಿಲ್ಲ, ಗಾಳಿ ಎಳೆದು ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡಿಯುತ್ತದೆ. ಅಪಾಯಕಾರಿ ಎರಡನೆಯದೇ, ಏಕೆಂದರೆ ಹಿಡಿಯುವ ಮುಂಚೆ ಗಾಡಿ ಇನ್ನೂ ಚೆನ್ನಾಗಿ ಓಡುವಂತೆ ಅನಿಸುತ್ತದೆ. ಎಂಜಿನ್‌ಗೆ ತಾನೇ ಆಯಿಲ್ ಬಿಡುವ ಆಟೊಲೂಬ್ ಪಂಪ್ ಸರಿಯಿದ್ದರೆ ಕಿತ್ತುಹಾಕಬೇಡಿ. ಗಾಳಿಗುಳ್ಳೆ ತೆಗೆದು, ಕೇಬಲ್ ಗುರುತು ಹೊಂದಿಸಿ ಉಳಿಸಿಕೊಳ್ಳಿ. ಪಾಯಿಂಟ್ಸ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು ಒಳ್ಳೆಯದೇ, ಹಳೆಯ ತಟ್ಟೆ ಜೋಪಾನವಾಗಿಟ್ಟರೆ ಯಾವಾಗ ಬೇಕಾದರೂ ಮರಳಿ ಹಾಕಬಹುದು.

ಪ್ರಶ್ನೆ: ಹಳೆಯ ಕಾರ್ಬೊರೇಟರ್ ಕಾರಿಗೆ ಈಗಿನ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕಿದರೆ ಏನಾಗುತ್ತದೆ? (ದಾವಣಗೆರೆ)

ಉತ್ತರ: ಎರಡು ತೊಂದರೆ. ಎಥನಾಲ್ ಹಳೆಯ ರಬ್ಬರ್ ಹೋಸ್, ಪಂಪ್ ಡಯಾಫ್ರಮ್, ಓ-ರಿಂಗ್‌ಗಳನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಇಂಧನ ಹೋಸ್‌ಗಳನ್ನೆಲ್ಲ ಎಥನಾಲ್ ತಡೆಯುವ ಇಂಜೆಕ್ಷನ್ ದರ್ಜೆಯವಕ್ಕೆ ಬದಲಾಯಿಸಿ. ಹಳೆಯ ಕಾರಿಗೆ ಬೆಂಕಿ ಬೀಳುವುದು ಹೆಚ್ಚಾಗಿ ಇಂಥ ಹೋಸ್‌ನಿಂದ. ಇನ್ನೊಂದು, ಎಥನಾಲ್‌ಗೆ ಉರಿಯಲು ಕಡಿಮೆ ಗಾಳಿ ಸಾಕಾದ್ದರಿಂದ ಹಳೆಯ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಇಂಜೆಕ್ಷನ್ ಕಾರಿನ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿ ಒಂದು ಮಿತಿಯವರೆಗೆ ಸರಿದೂಗಿಸುತ್ತದೆ, ಕಾರ್ಬೊರೇಟರ್‌ಗೆ ಆ ತಿಳಿವಳಿಕೆ ಇಲ್ಲ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಪ್ಲಗ್ ಬಣ್ಣ ನೋಡಿ: ತಿಳಿಗಂದು ಇರಬೇಕು, ಬಿಳಿಚಿಕೊಂಡಿದ್ದರೆ ಇನ್ನೂ ತೆಳು. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬೊರೇಟರ್ ಬೌಲ್ ಖಾಲಿ ಮಾಡಿಡಿ. ಎಥನಾಲ್ ತೇವ ಹೀರಿಕೊಂಡು ನೀರಿನ ಜೊತೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ.

ಪ್ರಶ್ನೆ: 1972ರ ಕಾರು, ಆರ್‌ಸಿ ಅವಧಿ ಮುಗಿದಿದೆ. ವಿಂಟೇಜ್ ಎಂದು ನೋಂದಾಯಿಸಬಹುದೇ? ಸ್ವಲ್ಪ ಬದಲಾವಣೆ ಮಾಡಿಸಿದರೆ ಪರವಾಗಿಲ್ಲವೇ? (ಮೈಸೂರು)

ಉತ್ತರ: 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ, ದೊಡ್ಡ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ. ಚಾಸಿ, ಬಾಡಿ ಶೆಲ್, ಎಂಜಿನ್ ಇವನ್ನು ಗಮನಾರ್ಹವಾಗಿ ಬದಲಾಯಿಸಿದ್ದರೆ ಆ ಬಾಗಿಲು ಮುಚ್ಚಿದಂತೆ. ಹೊಸ ವಿಂಟೇಜ್ ನೋಂದಣಿಗೆ ಶುಲ್ಕ 20,000 ರೂ., ಹತ್ತು ವರ್ಷಕ್ಕೆ ಸಿಂಧು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥದ್ದಕ್ಕಷ್ಟೇ. ವಾರಕ್ಕೊಮ್ಮೆ ಮನೆಯವರನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗಿಬರುವ ಆಸೆಯಿದ್ದರೆ ಮಾಮೂಲು ಆರ್‌ಸಿಯನ್ನೇ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಮಾಡಿಸಿ ನವೀಕರಿಸಿ. ತಪಾಸಣೆಗೆ ಒಯ್ಯುವ ಹಿಂದಿನ ದಿನ ಚಾಸಿ ನಂಬರಿನ ಮೇಲಿನ ಬಣ್ಣವನ್ನು ಥಿನ್ನರ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ತೆಗೆಯಿರಿ, ಸ್ಯಾಂಡ್‌ಪೇಪರ್ ಬೇಡ. ಉಜ್ಜಿದ ಗುರುತು ಕಂಡರೆ ನಂಬರ್ ತಿದ್ದಿದ್ದಾರೆಂಬ ಅನುಮಾನ ಬಂದು ಕಡತ ಅಲ್ಲೇ ನಿಲ್ಲುತ್ತದೆ.